ಹ್ಯಾಮ್‌ಸ್ಟರ್‌ನ ಊಟ, ಮಗಳ ಅಲರ್ಜಿ

ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ಓದುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಅಭ್ಯಾಸ. ಕಡಲೆಕಾಯಿ ಇದೆಯಾ, ಗೋಡಂಬಿ ಇದೆಯಾ ಅಂತ ಎರಡು ಕ್ಷಣದಲ್ಲಿ ಗೊತ್ತಾಗುತ್ತದೆ. ಅಲರ್ಜಿ ಮಾಡುವ ಪದಾರ್ಥಗಳನ್ನು ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. ಇಲಿ ಜಾತಿಯ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್‌ನ ಆಹಾರದ ಪ್ಯಾಕೆಟ್ ತಿರುಗಿಸಿದರೆ ಇಷ್ಟು ಸಲೀಸಲ್ಲ. ಧಾನ್ಯ, ಬೀಜ, ನಟ್ಸ್, ಸಸ್ಯಜನ್ಯ ಪ್ರೊಟೀನ್ ಅಂತ ಬರೆದು ಬಿಟ್ಟಿರುತ್ತಾರೆ. ಯಾವ ಬೀಜ? ಯಾವ ಪ್ರೊಟೀನ್? ಅದು ಇರುವುದಿಲ್ಲ. ಹೊರದೇಶದಿಂದ ಬಂದ ಪ್ಯಾಕೆಟ್ ಆದರೆ ಎಷ್ಟೋ ಸಲ ಆ ಪಟ್ಟಿಯ ಮೇಲೇ ಬೆಲೆಯ ಸ್ಟಿಕರ್ ಕೂತಿರುತ್ತದೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಕಡಲೆಕಾಯಿಯೂ ಆಗುವುದಿಲ್ಲ, ಗೋಡಂಬಿಯೂ ಆಗುವುದಿಲ್ಲ. ಗೋಡಂಬಿ ಆಗದವರಿಗೆ ಸಾಮಾನ್ಯವಾಗಿ ಪಿಸ್ತಾ ಕೂಡ ಆಗುವುದಿಲ್ಲ, ಎರಡೂ ಒಂದೇ ಕುಟುಂಬದ ಮರಗಳು. ಹಾಗಾಗಿ ಅದನ್ನೂ ಬಿಟ್ಟಿದ್ದೇವೆ. ಅವಳು ಹ್ಯಾಮ್‌ಸ್ಟರ್ ಬೇಕು ಅಂತ ಕೇಳಲು ಶುರು ಮಾಡಿ ಬಹಳ ಕಾಲವಾಗಿತ್ತು. ಬೇಡ ಅನ್ನುವುದು ಸುಲಭವಿತ್ತು. ಆದರೆ ಅಲರ್ಜಿ ಇರುವ ಮಗು ದಿನವೂ ಎಷ್ಟೋ 'ಬೇಡ'ಗಳನ್ನು ಕೇಳುತ್ತದೆ. ಹುಟ್ಟುಹಬ್ಬದ ಕೇಕ್ ಬೇಡ, ಪ್ರಸಾದ ಬೇಡ, ಸ್ನೇಹಿತೆಯ ಡಬ್ಬಿಯಿಂದ ಬೇಡ. ಸರಿಯಾಗಿ ವಿಚಾರಿಸಿದರೆ 'ಹೂಂ' ಅನ್ನಬಹುದಾದ ಒಂದು ವಿಷಯಕ್ಕೆ ನಾನು 'ಬೇಡ' ಅನ್ನಲು ಇಷ್ಟಪಡಲಿಲ್ಲ. ಹಾಗೆ ವಿಚಾರಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇದೇ ಜಾಗದಲ್ಲಿ ನಿಂತಿರುವ ಇನ್ನೊಬ್ಬ ಅಪ್ಪನಿಗೋ ಅಮ್ಮನಿಗೋ ಉಪಯೋಗಕ್ಕೆ ಬರಲಿ.

ಮೊದಲು ಕಾನೂನಿನ ವಿಷಯ. ಮನುಷ್ಯರು ತಿನ್ನುವ ಪ್ಯಾಕೆಟ್ ಆಹಾರದ ಮೇಲೆ ಅಲರ್ಜಿ ಪದಾರ್ಥಗಳನ್ನು ಹೇಳಲೇಬೇಕು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ ಇದೆ. ಕಡಲೆಕಾಯಿ, ಗೋಡಂಬಿ-ಬಾದಾಮಿ ಥರದ ನಟ್ಸ್, ಹಾಲು, ಮೊಟ್ಟೆ, ಮೀನು, ಸೋಯಾ, ಗ್ಲೂಟನ್ ಇರುವ ಧಾನ್ಯ ಎಲ್ಲ ಆ ಪಟ್ಟಿಯಲ್ಲಿವೆ. ಆದರೆ ಈ ನಿಯಮಕ್ಕೆ ಆಧಾರವಾದ 2006ರ ಆಹಾರ ಸುರಕ್ಷತಾ ಕಾಯ್ದೆ, ಆಹಾರ ಅಂದರೆ ಯಾವುದು ಅಂತ ಹೇಳುವ ಕಡೆಯಲ್ಲೇ ಪ್ರಾಣಿಗಳ ಮೇವನ್ನು ಹೊರಗಿಟ್ಟಿದೆ. ಅಮೆರಿಕದಲ್ಲೂ ಹಾಗೇ. ಅಲ್ಲಿನ 2004ರ ಅಲರ್ಜಿ ಲೇಬಲ್ ಕಾನೂನು ಮನುಷ್ಯರ ಆಹಾರಕ್ಕೆ ಮಾತ್ರ. ಅಂದರೆ ಹ್ಯಾಮ್‌ಸ್ಟರ್ ಪ್ಯಾಕೆಟ್ ಮೇಲೆ ಎಚ್ಚರಿಕೆಯ ಸಾಲು ಇಲ್ಲ ಅಂದರೆ ಅದರೊಳಗೆ ಕಡಲೆಕಾಯಿ ಇಲ್ಲ ಅಂತ ಅರ್ಥ ಅಲ್ಲ. ಹೇಳಬೇಕು ಅಂತ ಯಾರೂ ಅವರನ್ನು ಕೇಳಿಲ್ಲ, ಅಷ್ಟೆ.

ಕಾನೂನು ಮಾಡಿದವರ ತರ್ಕ ನನಗೆ ಅರ್ಥವಾಗುತ್ತದೆ. ಹ್ಯಾಮ್‌ಸ್ಟರ್ ಊಟವನ್ನು ಯಾರು ತಿನ್ನುತ್ತಾರೆ? ಹ್ಯಾಮ್‌ಸ್ಟರ್ ತಾನೇ. ಆದರೆ ಆ ಊಟವನ್ನು ಹಾಕುವುದು ಮಗುವಿನ ಕೈ. ಬಟ್ಟಲು ತೊಳೆಯುವುದು ಅಡುಗೆಮನೆಯ ಸಿಂಕಿನಲ್ಲಿ. ಪ್ಯಾಕೆಟ್ ಇಡುವುದು ಅಕ್ಕಿ ಡಬ್ಬದ ಪಕ್ಕದ ಕಪಾಟಿನಲ್ಲಿ. ಅಲರ್ಜಿ ಇರುವ ಮನೆಯಲ್ಲಿ ಸಾಕುಪ್ರಾಣಿಯ ಬಟ್ಟಲೂ ಅಡುಗೆಮನೆಯ ಲೆಕ್ಕಕ್ಕೇ ಸೇರಬೇಕು. ಈ ಒಂದು ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮಗಳ ತಟ್ಟೆಗೆ ಬರಬಾರದ್ದು ಮಗಳ ಹ್ಯಾಮ್‌ಸ್ಟರ್‌ನ ಬಟ್ಟಲಿಗೂ ಬರಬಾರದು.

ಇದು ಸಾಧ್ಯವಾ? ಕಡಲೆಕಾಯಿ ಇಲ್ಲದೆ ಹ್ಯಾಮ್‌ಸ್ಟರ್‌ಗೆ ಏನಾದರೂ ಕೊರತೆ ಆಗುತ್ತದಾ? ನನ್ನ ದೊಡ್ಡ ಪ್ರಶ್ನೆ ಇದೇ ಆಗಿತ್ತು. ನಮ್ಮ ಮಗುವಿಗೋಸ್ಕರ ಒಂದು ಪ್ರಾಣಿಯನ್ನು ಅರೆಹೊಟ್ಟೆಯಲ್ಲಿ ಇಡುವುದು ನ್ಯಾಯವಲ್ಲ.

ಉತ್ತರ ನೆಮ್ಮದಿ ಕೊಡುವಂಥದ್ದು. ನಾವು ಸಾಮಾನ್ಯವಾಗಿ ಸಾಕುವ ಹೊಂಬಣ್ಣದ ಸಿರಿಯನ್ ಹ್ಯಾಮ್‌ಸ್ಟರ್‌ನ ಮೂಲ ಸಿರಿಯಾದ ಅಲೆಪ್ಪೊ ಸುತ್ತಲಿನ ಬಯಲು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿನ ಒಂದು ಬಿಲದಿಂದ ಮರಿಗಳನ್ನು ತಂದರು. ಇವತ್ತು ಲೋಕದಲ್ಲಿ ಸಾಕಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಮರಿಗಳ ಸಂತತಿ. ಮುಂದೆ ಆ ಭಾಗದಲ್ಲಿ ಅಧ್ಯಯನಕ್ಕೆ ಹೋದವರಿಗೆ ಅವುಗಳ ಬಿಲಗಳು ಸಿಕ್ಕಿದ್ದು ಧಾನ್ಯ ಮತ್ತು ಬೇಳೆಕಾಳು ಬೆಳೆಯುವ ಹೊಲಗಳಲ್ಲಿ. ಕಡಲೆಕಾಯಿ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಹ್ಯಾಮ್‌ಸ್ಟರ್‌ನ ಪೂರ್ವಿಕರು ಎಷ್ಟೋ ಸಾವಿರ ವರ್ಷ ಅದರ ಮುಖವನ್ನೇ ನೋಡದೆ ಬದುಕಿದ್ದವು.

ಇನ್ನು ಪೋಷಕಾಂಶದ ಲೆಕ್ಕ. ಹ್ಯಾಮ್‌ಸ್ಟರ್ ಊಟದಲ್ಲಿ ಪ್ರೊಟೀನ್ ಸುಮಾರು ಶೇಕಡ 16ರಿಂದ 20, ಕೊಬ್ಬು ಸುಮಾರು ಶೇಕಡ 4ರಿಂದ 7 ಇದ್ದರೆ ಸಾಕು. ಕಡಲೆಕಾಯಿಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಕೊಬ್ಬೇ. ಸೂರ್ಯಕಾಂತಿ ಬೀಜದಲ್ಲೂ ಅಷ್ಟೇ. ಮಿಶ್ರಣ ಹಾಕಿದರೆ ಹ್ಯಾಮ್‌ಸ್ಟರ್ ಏನು ಮಾಡುತ್ತದೆ ಗೊತ್ತಾ? ಕಡಲೆಕಾಯಿ, ಸೂರ್ಯಕಾಂತಿ ಬೀಜ ಎರಡನ್ನೇ ಆರಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ಹೀಗೆ ತಿಂದರೆ ಬೊಜ್ಜು ಬರುತ್ತದೆ, ಬೇಕಾದ ವಿಟಮಿನ್ ಸಿಗುವುದಿಲ್ಲ. ಮಿಶ್ರಣದ ಪ್ಯಾಕೆಟ್ಟುಗಳಲ್ಲಿ ಕಡಲೆಕಾಯಿ ಇರುವುದಕ್ಕೆ ದೊಡ್ಡ ಕಾರಣ, ಪ್ರಾಣಿ ಅದನ್ನು ಆಸೆಪಟ್ಟು ತಿನ್ನುತ್ತದೆ, ನೋಡುವವರಿಗೆ ಸಂತೋಷವಾಗುತ್ತದೆ. ಅದಕ್ಕೆ ಬೇಕೇ ಬೇಕು ಅಂತ ಅಲ್ಲ. ಕಡಲೆಕಾಯಿ ಬಿಟ್ಟರೆ ಹ್ಯಾಮ್‌ಸ್ಟರ್‌ಗೆ ನಷ್ಟವಿಲ್ಲ. ಇಷ್ಟು ತಿಳಿದ ಮೇಲೆ ನನ್ನ ಮನಸ್ಸು ಹಗುರವಾಯಿತು.

ಆದರೆ ಅಂಗಡಿಗೆ ಹೋದಾಗ ವಿಷಯ ಬೇರೆ. ಬೆಂಗಳೂರಿನಲ್ಲಿ ಸಾಕುಪ್ರಾಣಿ ಅಂಗಡಿಗಳು ಈಗ ಬಡಾವಣೆಗೊಂದು ಇವೆ. ಬಹಳಷ್ಟು ಕಡೆ ಹ್ಯಾಮ್‌ಸ್ಟರ್ ಮಿಕ್ಸ್ ಅನ್ನು ದೊಡ್ಡ ಡಬ್ಬದಿಂದ ಬಿಡಿಯಾಗಿ ತೂಕ ಹಾಕಿ ಕೊಡುತ್ತಾರೆ. ಪಕ್ಕದ ಡಬ್ಬದಲ್ಲಿ ಗಿಳಿಗಳಿಗೆ ಹಾಕುವ ಮಿಕ್ಸ್, ಅದರಲ್ಲಿ ಸಿಪ್ಪೆ ಸಮೇತ ಕಡಲೆಕಾಯಿ. ಎರಡಕ್ಕೂ ಒಂದೇ ಚಮಚ. "ಮೇಡಂ, ಎಲ್ಲಾರೂ ಇದೇ ತಗೊಂಡ್ ಹೋಗ್ತಾರೆ, ಏನೂ ಆಗಲ್ಲ" ಅಂದರು ಒಬ್ಬರು. ಅವರು ಹ್ಯಾಮ್‌ಸ್ಟರ್‌ಗೆ ಏನೂ ಆಗಲ್ಲ ಅಂತ ಹೇಳುತ್ತಿದ್ದರು. ನಾನು ಮಗಳ ಬಗ್ಗೆ ಕೇಳುತ್ತಿದ್ದೆ. ವಿವರಿಸಿ ಹೇಳಿದ ಮೇಲೆ ಪಾಪ ಅವರೇ "ಹಾಗಾದ್ರೆ ಬಿಡಿ ಐಟಂ ತಗೋಬೇಡಿ, ಸೀಲ್ ಇರೋದು ತಗೊಳ್ಳಿ" ಅಂದರು. ಅದಕ್ಕಿಂತ ಒಳ್ಳೆಯ ಸಲಹೆ ಇನ್ನೊಂದಿಲ್ಲ.

ಅಂಗಡಿಯವರಿಗೆ ಇದು ಹೊಳೆಯದೇ ಇರುವುದು ಸಹಜ. ನಮ್ಮಲ್ಲಿ ಆಹಾರದ ಅಲರ್ಜಿ ನಿಜವಾಗಿಯೂ ಕಡಿಮೆ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅದರಲ್ಲಿ ರಕ್ತ ಪರೀಕ್ಷೆಯಲ್ಲಿ ಯಾವುದಾದರೂ ಆಹಾರಕ್ಕೆ ಅಲರ್ಜಿಯ ಗುರುತು ಕಂಡವರು ಶೇಕಡ 26.5. ಆದರೆ ಲಕ್ಷಣವೂ ಸೇರಿ, ಇವರಿಗೆ ಅಲರ್ಜಿ ಇರಬಹುದು ಅನ್ನುವಂತಿದ್ದವರು ಶೇಕಡ 1.2 ಮಾತ್ರ. ರಕ್ತ ಪರೀಕ್ಷೆಯ ಕಾಗದ ಒಂದನ್ನೇ ನೋಡಿ ಮಗುವಿಗೆ ಹತ್ತು ಪದಾರ್ಥ ಬಿಡಿಸುವವರು ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ನಿಜವಾಗಿ ಅಲರ್ಜಿ ಇರುವ ಮನೆಗಳಿಗೆ ಇದರ ಇನ್ನೊಂದು ಪರಿಣಾಮವಿದೆ. ನಾವು ಕಡಿಮೆ ಜನ. ಆದ್ದರಿಂದ ಕಾರ್ಖಾನೆಯಾಗಲಿ ಅಂಗಡಿಯಾಗಲಿ ನಮ್ಮನ್ನು ಮನಸ್ಸಿನಲ್ಲಿಟ್ಟು ಏನನ್ನೂ ಮಾಡಿರುವುದಿಲ್ಲ. ಅದರ ಮೇಲೆ ನಾವಿರುವುದು ಬಸವನಗುಡಿ ಹತ್ತಿರ. ಕಾರ್ತಿಕದ ಕೊನೆಯ ಸೋಮವಾರ ಪರಿಷೆ ಬಂತು ಅಂದರೆ ದೊಡ್ಡ ಬಸವಣ್ಣನ ಗುಡಿಯ ಸುತ್ತ ರಸ್ತೆಯೆಲ್ಲ ಕಡಲೆಕಾಯಿ ರಾಶಿ. ಊರಿಗೆ ಊರೇ ಪ್ರೀತಿಯಿಂದ ತಿನ್ನುವ ಪದಾರ್ಥ ಅಪಾಯ ತರಬಹುದು ಅಂತ ಯಾರಿಗಾದರೂ ತಕ್ಷಣ ಹೊಳೆಯಲಿ ಅಂತ ನಿರೀಕ್ಷಿಸುವುದು ಕಷ್ಟ.

ಕಣ್ಣಿಗೆ ಕಾಣುವ ಕಡಲೆಕಾಯಿಯದು ದೊಡ್ಡ ಸಮಸ್ಯೆಯಲ್ಲ. ಕಾಣದಿರುವುದು ಹಿಂಡಿ. ಕಡಲೆಕಾಯಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ನಮ್ಮ ನಾಡಿನಲ್ಲಿ ಪಶು ಆಹಾರದ ಮಾಮೂಲಿ ಪದಾರ್ಥ. ಹಸುವಿಗೆ ಹಾಕುತ್ತೇವೆ, ಕೋಳಿಯ ಆಹಾರಕ್ಕೆ ಸೇರಿಸುತ್ತಾರೆ. ಪ್ರೊಟೀನ್ ಜಾಸ್ತಿ, ಬೆಲೆ ಕಡಿಮೆ. ಹಾಗಾಗಿ ಇಲ್ಲೇ ತಯಾರಾಗುವ ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್ ಪೆಲೆಟ್ಟುಗಳಿಗೂ (ಪುಡಿಯನ್ನು ಒತ್ತಿ ಮಾಡಿದ ಗುಳಿಗೆಯಂಥ ಆಹಾರ) ಅದನ್ನು ಬಳಸಬಹುದು. ಲೇಬಲ್ ಮೇಲೆ 'ಎಣ್ಣೆಕಾಳಿನ ಹಿಂಡಿ', 'ಡಿ-ಆಯಿಲ್ಡ್ ಕೇಕ್', 'ವೆಜಿಟೇಬಲ್ ಪ್ರೊಟೀನ್' ಅಂತ ಇದ್ದರೆ ಅದು ಸೋಯಾ ಇರಬಹುದು, ಸೂರ್ಯಕಾಂತಿ ಇರಬಹುದು, ಕಡಲೆಕಾಯಿಯೂ ಇರಬಹುದು. ಎಣ್ಣೆ ತೆಗೆದಿದ್ದಾರಲ್ಲ, ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಅಲರ್ಜಿ ಮಾಡುವುದು ಎಣ್ಣೆಯಲ್ಲ, ಪ್ರೊಟೀನ್. ಎಣ್ಣೆ ಹೋದ ಹಿಂಡಿಯಲ್ಲಿ ಆ ಪ್ರೊಟೀನ್ ಇನ್ನೂ ಗಟ್ಟಿಯಾಗಿ ಉಳಿದಿರುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಎಣ್ಣೆಯ ವಿಷಯದಲ್ಲೂ ಇದೇ ಲೆಕ್ಕ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೊಟೀನ್ ಇಲ್ಲವೆನ್ನುವಷ್ಟು ಕಡಿಮೆ. ಗಾಣದ ಎಣ್ಣೆಯಲ್ಲಿ ಉಳಿದಿರಬಹುದು.

ಪೆಲೆಟ್ ಎಲ್ಲ ಒಂದೇ ಬಣ್ಣ, ಒಂದೇ ಆಕಾರ. ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಅದಕ್ಕೆ ತಯಾರಕರಿಗೇ ಮೇಲ್ ಬರೆದು ಕೇಳಿದೆ. ಪಟ್ಟಿಯಲ್ಲಿರುವ ಪ್ರೊಟೀನ್ ಯಾವ ಕಾಳಿನದು? ಅದೇ ಯಂತ್ರದಲ್ಲಿ ಕಡಲೆಕಾಯಿ ಅಥವಾ ಬೇರೆ ನಟ್ಸ್ ಇರುವ ಆಹಾರ ತಯಾರಿಸುತ್ತೀರಾ? ತಯಾರಿಸಿದರೆ ನಡುವೆ ಯಂತ್ರ ಹೇಗೆ ಸ್ವಚ್ಛ ಮಾಡುತ್ತೀರಿ? ಪದಾರ್ಥ ಬದಲಾದರೆ ಲೇಬಲ್ ಬದಲಾಗುತ್ತದಾ? "ನಮ್ಮ ಉತ್ಪನ್ನ ನೂರಕ್ಕೆ ನೂರು ಸುರಕ್ಷಿತ" ಅಂತ ಬಂದ ಉತ್ತರವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಏನಕ್ಕೆ ಸುರಕ್ಷಿತ ಅಂತ ಅದರಲ್ಲಿ ಇರಲಿಲ್ಲ. "ಈ ಪೆಲೆಟ್‌ನಲ್ಲಿ ಸೋಯಾ ಇದೆ, ಕಡಲೆಕಾಯಿ ಇಲ್ಲ, ಆದರೆ ಅದೇ ಕಟ್ಟಡದ ಇನ್ನೊಂದು ಯಂತ್ರದಲ್ಲಿ ಪಕ್ಷಿಗಳ ಮಿಕ್ಸ್ ಮಾಡುತ್ತೇವೆ" ಅಂತ ಒಬ್ಬರು ಬರೆದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಆ ಕಂಪನಿಯನ್ನೇ ನಂಬಿದೆ. ಆ ಉತ್ತರವನ್ನು ನಮ್ಮ ಅಲರ್ಜಿ ಡಾಕ್ಟರಿಗೆ ತೋರಿಸಿದೆ, ಅವರು ಸರಿ ಅಂದರು. ಮಗಳು ಇದನ್ನು ತಿನ್ನುವುದಿಲ್ಲ, ಮುಟ್ಟುತ್ತಾಳೆ ಮಾತ್ರ. ಕೈ ತೊಳೆಯುವ ಶಿಸ್ತು ಇದ್ದರೆ ಇಷ್ಟು ಸಾಕು ಅನ್ನುವುದು ಅವರ ಅಭಿಪ್ರಾಯ. ಬೇರೆ ಮಗುವಿಗೆ ಬೇರೆ ಡಾಕ್ಟರ್ ಬೇರೆ ಗೆರೆ ಎಳೆಯಬಹುದು, ಅದನ್ನು ಕೇಳಿಯೇ ಮುಂದುವರಿಯಿರಿ.

ಮುಟ್ಟುವುದರಿಂದ ಎಷ್ಟು ಅಪಾಯ? ಈ ಪ್ರಶ್ನೆ ಎಷ್ಟೋ ತಾಯಂದಿರ ನಿದ್ದೆ ಕೆಡಿಸುತ್ತದೆ ಅಂತ ನನಗೆ ಗೊತ್ತು. ಇದಕ್ಕೆ ಒಳ್ಳೆಯ ಅಧ್ಯಯನಗಳು ಇವೆ. ಕಡಲೆಕಾಯಿಗೆ ತೀವ್ರ ಅಲರ್ಜಿ ಇರುವ 30 ಮಕ್ಕಳಿಗೆ ಪೀನಟ್ ಬಟರ್ ಚರ್ಮಕ್ಕೆ ಹಚ್ಚಿ, ಅದರ ವಾಸನೆ ಹಿಡಿಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕೆಲವರಿಗೆ ಹಚ್ಚಿದ ಜಾಗ ಕೆಂಪಾಯಿತು, ತುರಿಸಿತು. ಮೈಯೆಲ್ಲ ಹರಡುವ ಪ್ರತಿಕ್ರಿಯೆ ಯಾರಿಗೂ ಆಗಲಿಲ್ಲ. ಮರುವರ್ಷ, 2004ರಲ್ಲಿ, ಇನ್ನೊಂದು ತಂಡ ಕೈಗಳನ್ನು ಪರೀಕ್ಷಿಸಿತು. ಸೋಪು ಹಾಕಿ ತೊಳೆದ ಕೈಯಲ್ಲಿ ಕಡಲೆಕಾಯಿಯ ಪ್ರೊಟೀನ್ ಸಿಗಲಿಲ್ಲ, ಒದ್ದೆ ವೈಪ್ಸ್‌ನಿಂದ ಒರೆಸಿದರೂ ಹೋಯಿತು. ಬರೀ ನೀರಿನಲ್ಲಿ ತೊಳೆದ ಕೆಲವು ಕೈಗಳಲ್ಲಿ, ಸ್ಯಾನಿಟೈಸರ್ ಹಚ್ಚಿದ ಕೆಲವು ಕೈಗಳಲ್ಲಿ ಅದು ಉಳಿದಿತ್ತು. ಕೊರೋನಾ ಕಾಲದಿಂದ ಸ್ಯಾನಿಟೈಸರ್ ಹಚ್ಚಿದರೆ ಕೈ ಶುದ್ಧ ಅಂತ ಮಕ್ಕಳು ನಂಬಿದ್ದಾರೆ. ಅದು ವೈರಸ್ಸಿಗೆ ಸರಿ. ಪ್ರೊಟೀನನ್ನು ಅದು ತೆಗೆಯುವುದಿಲ್ಲ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಪಂಜರದ ಹತ್ತಿರ ಹೋದ ಮಾತ್ರಕ್ಕೆ, ವಾಸನೆ ಬಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಅಪಾಯ ಇರುವುದು ಕೈಯಿಂದ ಬಾಯಿಗೆ ಹೋಗುವ ದಾರಿಯಲ್ಲಿ. ಹ್ಯಾಮ್‌ಸ್ಟರ್‌ಗೆ ಊಟ ಹಾಕಿ, ಅದೇ ಕೈಯಲ್ಲಿ ಚಕ್ಕುಲಿ ತೆಗೆದುಕೊಳ್ಳುವ ಆ ಗಳಿಗೆಯಲ್ಲಿ. ಚಿಕ್ಕ ಮಕ್ಕಳು ಬೆರಳು ಚೀಪುತ್ತಾರೆ, ಕಣ್ಣುಜ್ಜುತ್ತಾರೆ, ಅವರಿಗೆ ಇದು ಇನ್ನೂ ಮುಖ್ಯ. ಇನ್ನೊಂದು, ಒಣಗಿದ ಕಡಲೆಕಾಯಿ ಸಿಪ್ಪೆಯ ಪುಡಿ ಪಂಜರದಲ್ಲಿ ಹಾಸುವ ಹೊಟ್ಟಿನಲ್ಲಿ ಸೇರಿ, ಪಂಜರ ಕೊಡವಿದಾಗ ಏಳುವ ಧೂಳನ್ನು ನಾನು ಪೀನಟ್ ಬಟರ್ ವಾಸನೆಯ ಜೊತೆ ಒಂದೇ ಲೆಕ್ಕಕ್ಕೆ ಹಾಕುವುದಿಲ್ಲ. ನಮ್ಮಲ್ಲಿ ಕಡಲೆಕಾಯಿಯೇ ಇಲ್ಲದಿದ್ದರೂ ಪಂಜರ ಸ್ವಚ್ಛ ಮಾಡುವುದು ದೊಡ್ಡವರ ಕೆಲಸ. ಬಾಲ್ಕನಿಯಲ್ಲಿ, ಮಗಳು ಶಾಲೆಯಲ್ಲಿರುವಾಗ.

ನಮ್ಮ ಹ್ಯಾಮ್‌ಸ್ಟರ್‌ನ ಹೆಸರು ಬೆಲ್ಲ. ಬಣ್ಣ ನೋಡಿ ಮಗಳು ಇಟ್ಟ ಹೆಸರು. ಅದು ಅಂಗಡಿಯಿಂದ ಬಂದದ್ದಲ್ಲ. ಪುಣೆಗೆ ವರ್ಗವಾಗಿ ಹೊರಟಿದ್ದ ಪರಿಚಯದವರೊಬ್ಬರು ಪಂಜರ, ಚಕ್ರ, ಆಟಿಕೆ ಸಮೇತ ಕೊಡುತ್ತೇವೆ ಅಂದರು. ಇಲ್ಲೇ ಹುಷಾರಾಗಿರಬೇಕಾದದ್ದು. ಹ್ಯಾಮ್‌ಸ್ಟರ್‌ನ ಎರಡೂ ಕೆನ್ನೆಯಲ್ಲಿ ಭುಜದ ತನಕ ಹೋಗುವ ಚೀಲಗಳಿವೆ. ಸಿಕ್ಕಿದ್ದನ್ನು ಅದರಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ, ಮನೆಯೊಳಗೆ, ಹೊಟ್ಟಿನ ಅಡಿಯಲ್ಲಿ ಬಚ್ಚಿಡುತ್ತದೆ. ಬಟ್ಟಲು ಖಾಲಿ ಇದೆ ಅಂದರೆ ಪಂಜರದಲ್ಲಿ ಕಡಲೆಕಾಯಿ ಇಲ್ಲ ಅಂತಲ್ಲ. ತಿಂಗಳ ಹಿಂದೆ ಹಾಕಿದ್ದು ಮರದ ಮನೆಯ ಅಡಿಯಲ್ಲಿ ಇದ್ದೇ ಇರಬಹುದು. ಹೊಸ ಮನೆಗೆ ಬರುವಾಗ ಕೆನ್ನೆಯಲ್ಲೇ ಒಂದು ಕಡಲೆಕಾಯಿ ಇಟ್ಟುಕೊಂಡು ಬರಬಹುದು!

ಅದರ ಮೇಲೆ, ಹ್ಯಾಮ್‌ಸ್ಟರ್‌ನ ಊಟವನ್ನು ಒಂದೇ ದಿನದಲ್ಲಿ ಬದಲಾಯಿಸಬಾರದು. ಹೊಟ್ಟೆ ಕೆಡುತ್ತದೆ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ವಾರ, ಹತ್ತು ದಿನದಲ್ಲಿ ಪೂರ್ತಿ ಹೊಸದಕ್ಕೆ ತರಬೇಕು. ಹಳೆಯ ಮಿಕ್ಸ್‌ನಲ್ಲಿ ಕಡಲೆಕಾಯಿ ಇತ್ತು. ಅದನ್ನು ಮನೆಗೆ ತರುವಂತಿಲ್ಲ. ಕಡಲೆಕಾಯಿ ಆರಿಸಿ ತೆಗೆದರೂ ಅದರ ಪುಡಿ ಉಳಿದ ಕಾಳುಗಳಿಗೆ ಅಂಟಿರುತ್ತದೆ. ಹಾಗಾಗಿ ನಾವು ಹೊಸ ಪೆಲೆಟ್ ಪ್ಯಾಕೆಟ್ ಅನ್ನು ಮೊದಲೇ ಅವರ ಮನೆಗೆ ಕೊಟ್ಟೆವು. ಬೆರೆಸುವ ಕೆಲಸ ಅವರ ಮನೆಯಲ್ಲೇ ಮುಗಿಯಿತು. ಪೂರ್ತಿ ಹೊಸ ಊಟಕ್ಕೆ ಒಗ್ಗಿ ಕೆಲವು ದಿನವಾದ ಮೇಲೆ ಬೆಲ್ಲ ನಮ್ಮ ಮನೆಗೆ ಬಂತು. ತಂತಿಯ ಪಂಜರ ಮತ್ತು ಪ್ಲಾಸ್ಟಿಕ್ ಚಕ್ರವನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆದು ಬಿಸಿಲಿಗೆ ಇಟ್ಟೆವು. ಮರದ ಮನೆ, ಮರದ ಏಣಿ ಬೇಡ ಅಂದೆವು, ಮರದ ಸಂದಿಗಳಲ್ಲಿ ಸೇರಿದ ಪುಡಿ ತೊಳೆದರೂ ಉಳಿದಿರಬಹುದು. ಯಾರಿಂದಲೋ ಸಾಕುಪ್ರಾಣಿ ತೆಗೆದುಕೊಳ್ಳುವ ಅಲರ್ಜಿ ಮನೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಊಟ ಬದಲಾಗುವುದು ಆ ಮನೆಯಲ್ಲಿ ಆಗಲಿ, ಪ್ರಾಣಿ ಆಮೇಲೆ ಬರಲಿ.

ಅದಕ್ಕೂ ಮೊದಲು ಇನ್ನೊಂದು ಇದೆ. ಊಟದ ಅಲರ್ಜಿ ಇರುವ ಮಕ್ಕಳಲ್ಲಿ ಅಸ್ತಮಾ ಇರುವವರು ಜಾಸ್ತಿ. ಇಲಿ ಜಾತಿಯ ಪ್ರಾಣಿಗಳ ಮೂತ್ರ, ಎಂಜಲಿನಲ್ಲೇ ಅಲರ್ಜಿ ಮಾಡುವ ಪ್ರೊಟೀನುಗಳಿವೆ. ಕುಳ್ಳ (ಡ್ವಾರ್ಫ್) ಹ್ಯಾಮ್‌ಸ್ಟರ್ ಕಚ್ಚಿ ತೀವ್ರ ಪ್ರತಿಕ್ರಿಯೆ ಆದ ಪ್ರಕರಣಗಳು ಜಪಾನಿನಿಂದ ವರದಿಯಾಗಿವೆ. ಪ್ರಾಣಿ ತರುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಮಗು ಹ್ಯಾಮ್‌ಸ್ಟರ್ ಇರುವ ಮನೆಗೆ ಕೆಲವು ಸಲ ಹೋಗಿ ಕೂತು ಬರಲಿ. ಮನಸ್ಸು ಕೊಟ್ಟ ಮೇಲೆ ವಾಪಸ್ ಕೊಡುವ ದುಃಖ ಮಗುವಿಗೂ ಬೇಡ, ಪ್ರಾಣಿಗೂ ಬೇಡ.

ಬೆಲ್ಲನ ಬಟ್ಟಲಿನಲ್ಲಿ ಏನಿರುತ್ತದೆ ಅಂತ ಈಗ ಹೇಳುತ್ತೇನೆ, ಇದು ನನಗೆ ಬಹಳ ಖುಷಿ ಕೊಡುವ ಭಾಗ. ಮುಖ್ಯ ಊಟ ಪೆಲೆಟ್. ವಿಟಮಿನ್, ಖನಿಜ ಎಲ್ಲ ಅಳತೆಯಲ್ಲಿ ಸೇರಿರುವುದರಿಂದ ಮನೆಯ ಕಾಳುಗಳನ್ನೇ ನಂಬಿ ಇದನ್ನು ಬಿಡಲಾಗುವುದಿಲ್ಲ. ಅದರ ಜೊತೆ ನಮ್ಮದೇ ಒಂದು ಕಾಳಿನ ಡಬ್ಬಿ ಇದೆ. ನವಣೆ, ಸಜ್ಜೆ, ಸಾಮೆ, ಸ್ವಲ್ಪ ಗೋಧಿ, ಬಾರ್ಲಿ, ಓಟ್ಸ್. ಎಲ್ಲವೂ ಮನುಷ್ಯರು ತಿನ್ನಲು ಪ್ಯಾಕ್ ಮಾಡಿದ್ದು. ಇದರಲ್ಲಿ ಒಂದು ಉಪಾಯವಿದೆ. ಸಾಕುಪ್ರಾಣಿ ಅಂಗಡಿಯ ನವಣೆಗೆ ಅಲರ್ಜಿ ಲೇಬಲ್ ಇರಬೇಕಿಲ್ಲ. ದಿನಸಿ ಅಂಗಡಿಯ ನವಣೆ ಪ್ಯಾಕೆಟ್ ಮನುಷ್ಯರ ಆಹಾರದ ಕಾನೂನಿನ ಅಡಿ ಬರುತ್ತದೆ. ಒಂದೇ ಕಾಳು, ಒಂದಕ್ಕೆ ಮಾತ್ರ ಕಾನೂನಿನ ಕಾವಲು. ಹಾಗಿರುವಾಗ ಕಾವಲು ಇರುವುದನ್ನೇ ತರಬಹುದಲ್ವಾ? ಒಂದೇ ಪದಾರ್ಥ ಇರುವ ಪ್ಯಾಕೆಟ್ ಅನ್ನೇ ತರುತ್ತೇನೆ. ಧಾನ್ಯ, ನಟ್ಸ್ ಬೆರೆಸಿದ ಮ್ಯೂಸ್ಲಿ ತರುವುದಿಲ್ಲ.

ಬೀಜಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕುಂಬಳಕಾಯಿ ಬೀಜ ಹ್ಯಾಮ್‌ಸ್ಟರ್‌ಗೆ ಒಳ್ಳೆಯ ತಿಂಡಿ. ಆದರೆ ಅದನ್ನು ಮಾರುವುದು ಡ್ರೈ ಫ್ರೂಟ್ಸ್ ಅಂಗಡಿಯಲ್ಲಿ. ಅಲ್ಲಿ ಬಾದಾಮಿ, ಗೋಡಂಬಿ, ಪಿಸ್ತಾ ತುಂಬಿದ ತೆರೆದ ಡಬ್ಬಗಳ ನಡುವೆ ಇದೂ ಇರುತ್ತದೆ. ಆದ್ದರಿಂದ ಸಾಂಬಾರಿಗೆ ಸಿಹಿಗುಂಬಳ ಹೆಚ್ಚುವ ದಿನ ನಾನು ಬೀಜ ತೆಗೆದು ತೊಳೆದು, ಮೊರದಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತೇನೆ. ಉಪ್ಪಿಲ್ಲ, ಹುರಿಯುವುದಿಲ್ಲ. ಒಂದು ಕುಂಬಳಕಾಯಿಯ ಬೀಜ ಬೆಲ್ಲನಿಗೆ ಬಹಳ ದಿನ ಬರುತ್ತದೆ. ಎಳ್ಳು ನಮ್ಮಲ್ಲಿಲ್ಲ. ಕಡಲೆಕಾಯಿ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಎಳ್ಳೂ ಆಗುವುದಿಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ಲೇಬಲ್ ಮೇಲೆ ಹೇಳುವುದು ಕಡ್ಡಾಯ.

ನವಣೆಯ ತೆನೆ ಬೆಲ್ಲನಿಗೆ ಹಬ್ಬ. ಅಂಗಡಿಯಲ್ಲಿ ಪಕ್ಷಿಗಳಿಗೆ ಅಂತ ಮಾರುವುದೂ ಇದನ್ನೇ. ನಮ್ಮ ಚಿಕ್ಕಪ್ಪನ ಹೊಲ ಚಳ್ಳಕೆರೆ ಕಡೆ. ಅವರನ್ನೇ ಕೇಳಿದೆ. ಆದರೆ ಚಳ್ಳಕೆರೆ ಅಂದರೆ ಶೇಂಗಾ ನಾಡು. ಅದೇ ಕಣದಲ್ಲಿ ಶೇಂಗಾ ಬಡಿದಿರುತ್ತಾರೆ, ಅದೇ ಚೀಲಕ್ಕೆ ತುಂಬಿರುತ್ತಾರೆ. "ಚಿಕ್ಕಪ್ಪ, ಕಣಕ್ಕೆ ಹಾಕೋದಕ್ಕಿಂತ ಮುಂಚೆ ಹೊಲದಲ್ಲೇ ಕೊಯ್ದು, ಹೊಸ ಬಟ್ಟೆ ಚೀಲಕ್ಕೆ ಹಾಕಿ ಕೊಡ್ತೀರಾ?" ಅಂದೆ. ಅವರು ಒಂದು ಮಾತೂ ಮರುಪ್ರಶ್ನೆ ಕೇಳದೆ "ಮಗೀಗೆ ಆಗಲ್ಲ ಅಂದ್ಮೇಲೆ ಮುಗೀತಲ್ಲಮ್ಮ" ಅಂದರು. ಆ ಕಡೆ ಶೇಂಗಾ ಬಳ್ಳಿಯನ್ನೇ ಒಣಗಿಸಿ ದನಗಳಿಗೆ ಮೇವು ಹಾಕುತ್ತಾರೆ. ಗಿನಿ ಪಿಗ್‌ಗೋ ಮೊಲಕ್ಕೋ ಬಿಡಿ ಒಣಹುಲ್ಲು ತರುವವರು ಇದನ್ನೂ ವಿಚಾರಿಸಬೇಕು. ಒಣಗಿದ ಬಳ್ಳಿಯಲ್ಲಿ ಎಳೆಯ ಕಾಯಿ ಉಳಿದಿರುತ್ತದೆ.

ಹಸಿರಿಗೆ ಸೌತೆಕಾಯಿ, ಕ್ಯಾರೆಟ್ ಚೂರು, ಕೊತ್ತಂಬರಿ. ವಾರದಲ್ಲಿ ಒಂದೆರಡು ಸಲ ಬೆಂದ ಮೊಟ್ಟೆಯ ಬಿಳಿ, ಉಗುರಿನಷ್ಟು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕಿತ್ತಳೆ-ನಿಂಬೆ, ಹಸಿ ರಾಜ್ಮಾ ಇವು ಹ್ಯಾಮ್‌ಸ್ಟರ್‌ಗೆ ಆಗುವುದಿಲ್ಲ. ಅದಕ್ಕೂ ಆಗದ್ದರ ಪಟ್ಟಿ ಇದೆ ಅನ್ನುವುದು ಮಗಳಿಗೆ ಯಾಕೋ ತುಂಬಾ ಹಿಡಿಸಿತು. ಎರಡು ಪಟ್ಟಿಗಳನ್ನೂ ಅವಳೇ ಬರೆದು ಫ್ರಿಜ್ ಮೇಲೆ ಅಕ್ಕಪಕ್ಕ ಅಂಟಿಸಿದ್ದಾಳೆ.

ಹ್ಯಾಮ್‌ಸ್ಟರ್‌ನ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿಯಲು ಏನಾದರೂ ಬೇಕು. ಬಹಳ ಕಡೆ ಚಿಪ್ಪು ಸಮೇತ ಅಕ್ರೋಟ್ ಕೊಡಿ ಅಂತ ಹೇಳುತ್ತಾರೆ. ನಮಗೆ ಅದು ಆಗದು. ಔಷಧಿ ಹೊಡೆಯದ ಸೀಬೆ ಗಿಡದ ಕೊಂಬೆ ತೊಳೆದು ಒಣಗಿಸಿ ಹಾಕುತ್ತೇವೆ. ಬಚ್ಚಿಟ್ಟುಕೊಳ್ಳಲು ತೆಂಗಿನ ಕರಟ, ಅಂಚನ್ನು ಉಜ್ಜಿ ನುಣುಪು ಮಾಡಿ. ತೆಂಗು ಕೂಡ ನಟ್ ಅಲ್ವಾ ಅಂತ ಕೇಳುವವರಿದ್ದಾರೆ. ಗೋಡಂಬಿ, ಕಡಲೆಕಾಯಿ ಆಗದ ಬಹುಪಾಲು ಜನರಿಗೆ ತೆಂಗು ಆಗುತ್ತದೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2025ರಲ್ಲಿ ತೆಂಗನ್ನು ತನ್ನ ನಟ್ಸ್ ಪಟ್ಟಿಯಿಂದ ಕೈಬಿಟ್ಟಿತು. ಮಗಳು ದಿನವೂ ಕಾಯಿಚಟ್ನಿ ತಿನ್ನುವವಳು, ನಮಗೆ ಆ ಯೋಚನೆಯೇ ಇರಲಿಲ್ಲ.

ಇನ್ನೂ ಯಾವ ಪ್ರಾಣಿ ಅಂತ ನಿರ್ಧರಿಸದವರಿಗೆ ಒಂದು ಮಾತು. ಅಲರ್ಜಿ ಮನೆಗೆ ಗಿನಿ ಪಿಗ್ ಸುಲಭ. ಅದರ ಮುಖ್ಯ ಊಟ ಒಣಹುಲ್ಲು. ಕಡಲೆಕಾಯಿ, ಬೀಜ ಅದಕ್ಕೆ ಹಾಕಲೇಬಾರದು, ಕೊಬ್ಬು ಜಾಸ್ತಿ, ಗಂಟಲಿಗೂ ಸಿಕ್ಕಿಕೊಳ್ಳಬಹುದು. ಮನುಷ್ಯರ ಹಾಗೆ ಗಿನಿ ಪಿಗ್‌ನ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ, ಆದ್ದರಿಂದ ದಿನವೂ ದೊಣ್ಣೆ ಮೆಣಸಿನಕಾಯಿ, ಸೊಪ್ಪು ಬೇಕು. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಬೆಳೆದ ಗಿನಿ ಪಿಗ್‌ಗೆ ಅದನ್ನೇ ಮುಖ್ಯ ಊಟ ಮಾಡಬಾರದು. ಪೆಲೆಟ್ ಕೊಳ್ಳುವ ವಿಷಯದಲ್ಲಿ ಮೇಲೆ ಹೇಳಿದ ಹಿಂಡಿಯ ಪ್ರಶ್ನೆ ಇದಕ್ಕೂ ಇದೆ.

ಮನೆಯ ಜನರ ವಿಷಯ ಲೇಬಲ್‌ಗಿಂತ ಸೂಕ್ಷ್ಮ. ನಮ್ಮ ಅತ್ತೆಯವರಿಗೆ ಪ್ರಾಣಿ ಎದುರಿಗೆ ಬರಿಗೈಯಲ್ಲಿ ನಿಲ್ಲುವುದು ಸರಿಯೆನಿಸುವುದಿಲ್ಲ. ಬಾಲ್ಕನಿಗೆ ಬರುವ ಅಳಿಲಿಗೆ, ಕಾಗೆಗೆ ಏನಾದರೂ ಹಾಕಿಯೇ ಹಾಕುತ್ತಾರೆ. ಅವರ ಪ್ರೀತಿಗೆ 'ಬೇಡ' ಅಂತ ಬೀಗ ಹಾಕಲು ನನಗೆ ಇಷ್ಟವಿರಲಿಲ್ಲ. ಪಂಜರದ ಪಕ್ಕದಲ್ಲೇ ಒಂದು ಚಿಕ್ಕ ಡಬ್ಬಿ ಇಟ್ಟೆವು. ಅದರಲ್ಲಿ ಕುಂಬಳಕಾಯಿ ಬೀಜ, ನವಣೆ ತೆನೆಯ ಚೂರು. ಅದರ ಹೆಸರು ಅಜ್ಜಿ ಡಬ್ಬಿ. ಅವರು ಬೆಲ್ಲನಿಗೆ ಕೊಡುವುದೆಲ್ಲ ಅದರಿಂದಲೇ. ಬಂದ ಮಕ್ಕಳಿಗೂ ಅದನ್ನೇ ಕೊಟ್ಟು "ತಗೋ ಪುಟ್ಟ, ಇದನ್ನ ಹಾಕು" ಅನ್ನುತ್ತಾರೆ. ಈಗ ಆ ಡಬ್ಬಿ ಕಾಯುವವರು ಅವರೇ. ನನಗಿಂತ ಬಿಗಿಯಾಗಿ ಕಾಯುತ್ತಾರೆ.

ಇಷ್ಟೆಲ್ಲ ಮಾಡಿದರೂ ತುರ್ತಿನ ತಯಾರಿ ಬಿಡುವಂತಿಲ್ಲ. ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ವಾಂತಿ ಜೊತೆ ಮೈಯೆಲ್ಲ ದದ್ದು ಬಂದರೆ ಮೊದಲ ಔಷಧಿ ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಭಾಗಕ್ಕೆ. ಅಲರ್ಜಿಯ ಮಾತ್ರೆ, ಸಿರಪ್ ಅದರ ಜಾಗ ತುಂಬುವುದಿಲ್ಲ. ಅಳತೆ ತುಂಬಿಯೇ ಬರುವ ಪೆನ್ನಿನಂಥ ಆಟೋ-ಇಂಜೆಕ್ಟರ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಡಾಕ್ಟರ್ ಬರೆದುಕೊಟ್ಟ ಅಳತೆ, ಕೊಡುವ ವಿಧಾನ ಎರಡನ್ನೂ ಮನೆಯ ದೊಡ್ಡವರೆಲ್ಲ ಕಲಿತಿದ್ದೇವೆ. ಕೊಟ್ಟ ತಕ್ಷಣ 108ಕ್ಕೆ ಕರೆ, ಆಸ್ಪತ್ರೆ.

ಹ್ಯಾಮ್‌ಸ್ಟರ್ ಪೆಲೆಟ್ ಪ್ರತಿ ಸಲ ತಂದಾಗಲೂ ಪ್ಯಾಕೆಟ್ ಮೊದಲಿನಿಂದ ಓದುತ್ತೇವೆ. ಹೋದ ಸಲ ಸರಿ ಇತ್ತು ಅನ್ನುವುದು ಈ ಸಲಕ್ಕೆ ಸಾಕ್ಷಿಯಲ್ಲ, ಬೆಲೆ ಏರಿದರೆ ತಯಾರಕರು ಪ್ರೊಟೀನ್ ಬದಲಾಯಿಸಬಹುದು. ಓದುವುದು ಈಗ ಮಗಳ ಕೆಲಸ, ಅವಳಾದ ಮೇಲೆ ನಾನು ಓದುತ್ತೇನೆ. ಇಲ್ಲೇ ರಾಜ್ಯದಲ್ಲಿ ಪೆಲೆಟ್ ತಯಾರಿಸುವ ಸಣ್ಣ ತಯಾರಕರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ವಿನಂತಿ. ಹಿಂಡಿ ಹಾಕಿದ್ದರೆ ಯಾವ ಕಾಳಿನ ಹಿಂಡಿ ಅಂತ ಬರೆಯಿರಿ. ಕಡಲೆಕಾಯಿ ಇದ್ದರೆ ಇದೆ ಅಂತಲೇ ಬರೆಯಿರಿ, ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೆ ಬೇಕಿರುವುದು ಆ ಒಂದು ಪದ.

ಬರುವ ರಜೆಗೆ ನಾವು ಚಳ್ಳಕೆರೆಗೆ ಹೋಗಬೇಕು. ಬೆಲ್ಲನನ್ನು ಎದುರು ಮನೆಯ ಆಂಟಿ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಅವರ ಮನೆಯಲ್ಲಿ ಕಡಲೆಕಾಯಿ ಚಟ್ನಿಪುಡಿ ಯಾವಾಗಲೂ ಇರುತ್ತದೆ, ಇರಲಿ, ಅದು ಅವರ ಮನೆ. ಆದ್ದರಿಂದ ಪಂಜರ ಅಲ್ಲಿಗೆ ಹೋಗುವುದಿಲ್ಲ, ಅವರೇ ಸಂಜೆ ನಮ್ಮ ಮನೆಗೆ ಬಂದು ಹೋಗುತ್ತಾರೆ. ದಿನದ ಅಳತೆ ಚಿಕ್ಕ ಡಬ್ಬಿಗಳಲ್ಲಿ ಹಾಕಿಟ್ಟಿರುತ್ತೇನೆ, ಬಾಗಿಲ ಪಕ್ಕದ ಸಿಂಕಿನಲ್ಲಿ ಸೋಪು ಇರುತ್ತದೆ. ನಿನ್ನೆ ಬಂದು ಎಲ್ಲ ನೋಡಿಕೊಂಡು ಹೋದರು. "ಸೌತೆಕಾಯಿ ನಾನೇ ತರಬಹುದಲ್ವಾ?" ಅಂತ ಕೇಳಿದರು. ತರಬಹುದು ಆಂಟಿ, ಆದರೆ ನಮ್ಮ ಚಾಕುವಿನಲ್ಲೇ ಹೆಚ್ಚಿ ಅಂತ ಮಗಳು ಹೇಳಿದಳು.